ರಾಜುವನ್ನು ಮನೆಯಿಂದ ಕಳಿಸಬೇಡ

ಶ್ರೀನಿವಾಸಪುರ

ಪ್ರಿಯ ಮಂಜುನಾಥ,

ನಿನ್ನ ಪತ್ರ ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ರಾಜು ರಾತ್ರಿ ಊಳಿಡುತ್ತಾನೆ, ಅದು ಮನೆಗೆ ಕೇಡು, ಯಾರಿಗಾದರೂ ಕೊಟ್ಟುಬಿಡು ಎಂದು ಅಮ್ಮ ಪಟ್ಟು ಹಿಡಿದಿದ್ದಾರೆ ಎಂದು ಬರೆದಿದ್ದೀಯ. ಅಮ್ಮನ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಾಯಿಯ ಕಣ್ಣಿಗೆ ಯಮದೂತರು ಕಾಣುತ್ತಾರೆ ಎಂದು ನಮ್ಮಜ್ಜಿಯೂ ಹೇಳುತ್ತಿದ್ದರು. ಆದರೆ ಆ ಮಾತಿಗೆ ರಾಜು ಬಲಿಯಾಗಬಾರದು.

ಊಳಿಡುವುದು ತೋಳದಿಂದ ಬಂದ ಬಳುವಳಿ. ಚದುರಿದ ಗುಂಪನ್ನು ಕರೆಯಲು, ತಾನಿರುವ ಜಾಗ ತಿಳಿಸಲು ತೋಳ ಊಳಿಡುತ್ತದೆ. ಒಂದು ಶುರು ಮಾಡಿದರೆ ಉಳಿದವೂ ದನಿಗೂಡಿಸುತ್ತವೆ. ಎಳೆದ ಸ್ವರ ಕಿವಿಗೆ ಬಿದ್ದರೆ ಎಷ್ಟೋ ನಾಯಿಗಳೂ ಹಾಗೆಯೇ ಓಗೊಡುತ್ತವೆ. ಶ್ರಾವಣ ಶನಿವಾರ ದಾಸಯ್ಯ ಬಾಗಿಲಿಗೆ ಬಂದು ಶಂಖ ಊದಿದ ಕೂಡಲೇ ನಮ್ಮ ಕೆಂಚ ಕತ್ತೆತ್ತಿ, ಕಣ್ಣು ಅರೆಮುಚ್ಚಿ, ಶಂಖ ನಿಲ್ಲುವವರೆಗೂ ಊಳಿಡುತ್ತಾನೆ. ಜಾಗಟೆಗೆ ಮಾತ್ರ ಸುಮ್ಮನಿರುತ್ತಾನೆ. ನಿಮ್ಮ ಮನೆ ಶಿರಾ ಗೇಟ್ ಹತ್ತಿರ. ರಾಜು ಊಳಿಡುವ ಮುಂಚೆ ರಸ್ತೆಯಲ್ಲಿ ಆಂಬುಲೆನ್ಸ್ ಹೋಯಿತೇ, ಗಮನಿಸು. ಆಂಬುಲೆನ್ಸ್ ಹೋಗುವುದೇ ಜೀವಕ್ಕೆ ಕಷ್ಟವಿದ್ದಾಗ. ಮಾರನೆಯ ದಿನ ಯಾರದೋ ಸಾವಿನ ಸುದ್ದಿ ಬಂದರೆ ಅದನ್ನು ಊಳಿಟ್ಟ ನಾಯಿಯ ತಲೆಗೆ ಕಟ್ಟುತ್ತೇವೆ.

ಆದರೆ ರಾಜುವಿಗೆ ವಯಸ್ಸಾಗಿದೆ. ಮೊದಲಿಲ್ಲದ ಊಳು ಈಗ ಹೊಸದಾಗಿ ಶುರುವಾಗಿದ್ದರೆ ಕಿವಿ ಮಂದವಾಗಿರಬಹುದು, ಎಲ್ಲಾದರೂ ನೋವಿರಬಹುದು. ಮುದಿ ನಾಯಿಗೆ ಮರೆವು ಹತ್ತಿ ಹಗಲು ರಾತ್ರಿಯ ಲೆಕ್ಕ ತಪ್ಪುವುದೂ ಉಂಟು. ಗೋಡೆಗೆ ತಲೆ ಒತ್ತಿ ನಿಲ್ಲುವುದು, ಬಿಡದೆ ಒಂದೇ ಕಡೆಗೆ ಸುತ್ತುವುದು ಕಂಡರಂತೂ ತಡ ಮಾಡದೆ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗು. ಮಲಗುವ ಮುಂಚೆ ಒಂದೆರಡು ಸುತ್ತು ಹಾಕುವುದಕ್ಕೆ ಹೆದರಬೇಡ. ಹುಲ್ಲು ತುಳಿದು ಹಾಸಿಗೆ ಮಾಡಿಕೊಳ್ಳುತ್ತಿದ್ದ ಪೂರ್ವಿಕರ ರೂಢಿ ಅದು ಎಂದು ಊಹಿಸುತ್ತಾರೆ.

ಕೆಂಚನಿಗೆ ಇನ್ನೊಂದು ಅಭ್ಯಾಸವಿದೆ. ಹೊಟ್ಟೆ ತುಂಬಿದ ಮೇಲೆ ಉಳಿದ ಮುದ್ದೆಯ ತುಂಡನ್ನು ಬಾಯಲ್ಲಿ ಹಿಡಿದು ಮಾವಿನ ತೋಪಿಗೆ ಹೋಗುತ್ತಾನೆ. ಗುಂಡಿ ತೋಡುವುದು ಮುಂಗಾಲಿನಿಂದ, ಮುಚ್ಚುವುದು ಮಾತ್ರ ಮೂತಿಯಿಂದ. ಮಣ್ಣನ್ನು ತಳ್ಳಿ ತಳ್ಳಿ, ಕೊನೆಗೆ ಮೆಲ್ಲಗೆ ಒತ್ತುತ್ತಾನೆ. ಮೂಗಿನ ತುದಿಗೆ ಕೆಮ್ಮಣ್ಣು ಮೆತ್ತಿರುತ್ತದೆ. ಮಿಕ್ಕ ಬೇಟೆಯನ್ನು ಹೂತಿಡುವುದು ತೋಳ, ನರಿಗಳ ಪದ್ಧತಿ, ಸರಿ. ಆದರೆ ಮಳೆಯ ದಿನ ಹೊರಗೆ ಬಿಡದಿದ್ದರೆ ಅವನು ಮುದ್ದೆಯನ್ನು ನಡುಮನೆಯ ಮೂಲೆಯಲ್ಲಿಟ್ಟು, ನುಣುಪು ನೆಲದ ಮೇಲೆ ಇಲ್ಲದ ಮಣ್ಣನ್ನು ಮೂತಿಯಿಂದ ತಳ್ಳುತ್ತಾನೆ. ಮುದ್ದೆ ಎಲ್ಲರ ಕಣ್ಣಿಗೂ ಕಾಣುತ್ತಲೇ ಇರುತ್ತದೆ. ಅವನು ಮಾತ್ರ ನೆಮ್ಮದಿಯಿಂದ ಹೋಗಿ ಮಲಗುತ್ತಾನೆ. ಅವನಿಗೆ ಅಲ್ಲಿ ಏನು ಮುಚ್ಚಿದಂತಾಗುತ್ತದೋ, ನನಗೆ ಇವತ್ತಿಗೂ ಬಗೆಹರಿದಿಲ್ಲ.

ಅಮ್ಮನಿಗೆ ದಿಕ್ಕು ದೆಸೆಗಳಲ್ಲಿ ನಂಬಿಕೆ ಹೆಚ್ಚು, ಇದನ್ನು ಅವರಿಗೆ ಓದಿ ಹೇಳು. 37 ತಳಿಗಳ 70 ನಾಯಿಗಳನ್ನು ಎರಡು ವರ್ಷ ಗಮನಿಸಿದ ಜೆಕ್ ಮತ್ತು ಜರ್ಮನ್ ವಿಜ್ಞಾನಿಗಳು 2013ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಭೂಮಿಯ ಕಾಂತಕ್ಷೇತ್ರದಲ್ಲಿ ಏರುಪೇರಿಲ್ಲದ ಹೊತ್ತಿನಲ್ಲಿ ನಾಯಿಗಳು ಮಲವಿಸರ್ಜನೆಗೆ ಕುಳಿತರೆ ಹೆಚ್ಚಾಗಿ ಉತ್ತರ ದಕ್ಷಿಣಕ್ಕೆ ಮೈ ಹೊಂದಿಸಿಕೊಳ್ಳುತ್ತಿದ್ದವು. ಏಕೆ ಎಂಬುದಕ್ಕೆ ಅವರಿಗೂ ಖಚಿತ ಉತ್ತರ ಸಿಗಲಿಲ್ಲ. ಇಷ್ಟು ಸಣ್ಣ ಸಂಗತಿಯೇ ನಮಗೆ ಎಟುಕದಿರುವಾಗ, ತಿಳಿಯದ ಒಂದು ಕೂಗಿಗೆ ಕೇಡಿನ ಅರ್ಥ ಹಚ್ಚಿ, ಇಷ್ಟು ವರ್ಷ ಬಾಗಿಲು ಕಾದವನನ್ನು ಹೊರಗೆ ಹಾಕುವುದು ಹೇಗೆ?

ಅಮ್ಮ ಒಪ್ಪಲೇ ಇಲ್ಲವೆಂದರೂ ಗೊತ್ತಿಲ್ಲದವರ ಕೈಗೆ ಅವನನ್ನು ಕೊಡಬೇಡ. ಎಲ್ಲೋ ದೂರ ಬಿಟ್ಟು ಬರುವುದಂತೂ ಬೇಡವೇ ಬೇಡ. ನನಗೊಂದು ಫೋನ್ ಮಾಡು, ನಾನೇ ತುಮಕೂರಿಗೆ ಬಂದು ಕರೆದುಕೊಂಡು ಬರುತ್ತೇನೆ. ತೋಪಿನಲ್ಲಿ ಜಾಗವಿದೆ, ಕೆಂಚನೂ ಹೊಂದಿಕೊಳ್ಳುತ್ತಾನೆ. ಅದಕ್ಕೂ ಮೊದಲು ಆಸ್ಪತ್ರೆಗೆ ತೋರಿಸಿ, ಡಾಕ್ಟರು ಏನೆಂದರು ಎಂದು ತಿಳಿಸು.

ನಿನ್ನ,
ರವಿ