ಮಾನ್ಯತೆ ಇದೆ ಅಂದರೆ, ಯಾರ ಮಾನ್ಯತೆ?

ಮಾನ್ಯ ಸಂಪಾದಕರೇ,

ನೀಟ್ ಫಲಿತಾಂಶ ಬಂತು ಅಂದರೆ ಸಾಕು, ನಿಮ್ಮ ಪತ್ರಿಕೆಯಲ್ಲಿ 'ವಿದೇಶದಲ್ಲಿ ಎಂಬಿಬಿಎಸ್, ಎನ್‌ಎಂಸಿ ಅಂಗೀಕೃತ' ಎಂಬ ಜಾಹೀರಾತು ಶುರುವಾಗುತ್ತದೆ. ಅದನ್ನು ನೋಡಿ ಫೋನ್ ಮಾಡಿದವರಲ್ಲಿ ನಾನೂ ಒಬ್ಬ. ರಾಣೆಬೆನ್ನೂರಿನಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡಿದ್ದೇನೆ. ಮಗಳಿಗೆ ನೀಟ್‌ನಲ್ಲಿ 720ಕ್ಕೆ 418 ಬಂದಿದೆ. ಸರ್ಕಾರಿ ಸೀಟಿನ ಆಸೆ ಇಲ್ಲ. ಮ್ಯಾನೇಜ್‌ಮೆಂಟ್ ಸೀಟಿನ ರೇಟು ಕೇಳಿ ಸುಮ್ನೆ ಫೋನ್ ಇಟ್ಟೆ.

ಏಜೆಂಟ್ ಅಂಗಡಿಗೇ ಬಂದರು. ಜಾರ್ಜಿಯಾ ದೇಶದ ಒಂದು ಖಾಸಗಿ ವಿಶ್ವವಿದ್ಯಾಲಯದ ಬ್ರೋಶರನ್ನು ಕೌಂಟರ್ ಮೇಲಿಟ್ಟರು. ಮಾತ್ರೆಯ ಸ್ಟ್ರಿಪ್ ಕೈಗೆ ಬಂದರೆ ಮೊದಲು ತಿರುಗಿಸಿ ಎಕ್ಸ್‌ಪೈರಿ ನೋಡುವ ಚಾಳಿ ನನ್ನದು. ಬ್ರೋಶರನ್ನೂ ತಿರುಗಿಸಿದೆ. ಹಿಂದೆ ಸಾಲಾಗಿ ಲಾಂಛನಗಳು: ವಿಶ್ವ ಆರೋಗ್ಯ ಸಂಸ್ಥೆ, ಎನ್‌ಎಂಸಿ ಅಂದರೆ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ, ಜಗತ್ತಿನ ವೈದ್ಯಕೀಯ ಕಾಲೇಜುಗಳ ಪಟ್ಟಿಯಾದ ವರ್ಲ್ಡ್ ಡೈರೆಕ್ಟರಿ.

ಆಮೇಲೆ ಒಂದು ವಾರ ರಾತ್ರಿ ಶಟರ್ ಎಳೆದು ಓದಿದೆ. ವಿಶ್ವ ಆರೋಗ್ಯ ಸಂಸ್ಥೆ ಯಾವ ವೈದ್ಯಕೀಯ ಕಾಲೇಜಿಗೂ ಮಾನ್ಯತೆ ಕೊಡುವುದಿಲ್ಲ. ವರ್ಲ್ಡ್ ಡೈರೆಕ್ಟರಿಯಲ್ಲಿ ಹೆಸರಿದೆ ಅಂದರೆ ಮಾನ್ಯತೆ ಇದೆ ಅಂತಲ್ಲ ಎಂದು ಆ ಪಟ್ಟಿಯವರೇ ಹೇಳುತ್ತಾರೆ. ಇನ್ನು ಎನ್‌ಎಂಸಿ ವಿದೇಶಿ ಕಾಲೇಜುಗಳನ್ನು ಅಂಗೀಕರಿಸಿ ಪಟ್ಟಿಯನ್ನೇ ಮಾಡುವುದಿಲ್ಲ. ಇಲ್ಲದ ಪಟ್ಟಿಯಲ್ಲಿ ಹೆಸರಿರುವುದು ಹೇಗೆ ಅಂತ ನೀವೇ ಹೇಳಬೇಕು.

ವಿದೇಶದಲ್ಲಿ ಓದಿದವರು ಇಲ್ಲಿ ವೈದ್ಯರಾಗಲು ಎನ್‌ಎಂಸಿ ಮಾಡಿರುವುದು ನಿಯಮ. 2021ರ ನವೆಂಬರ್‌ನಲ್ಲಿ ಬಂದದ್ದು. ಕನಿಷ್ಠ 54 ತಿಂಗಳ ಓದು, ಅದೂ ಇಂಗ್ಲಿಷ್‌ನಲ್ಲಿ. ಓದಿದ ಸಂಸ್ಥೆಯಲ್ಲೇ 12 ತಿಂಗಳ ಇಂಟರ್ನ್‌ಶಿಪ್. ಎಲ್ಲಕ್ಕಿಂತ ಮುಖ್ಯ, ಆ ದೇಶ ತನ್ನ ಪ್ರಜೆಗೆ ಕೊಡುವಂಥದ್ದೇ ವೈದ್ಯಕೀಯ ಲೈಸೆನ್ಸು ನಮ್ಮ ಮಗುವಿಗೂ ಸಿಗುವಂತಿರಬೇಕು. ಫಿಲಿಪ್ಪೀನ್ಸ್‌ಗೆ ಹೋದ ಮಕ್ಕಳು ಸಿಕ್ಕಿಬಿದ್ದದ್ದು ಆ 54 ತಿಂಗಳ ಲೆಕ್ಕದಲ್ಲೇ. ಅಲ್ಲಿ ನಮ್ಮ ಎಂಬಿಬಿಎಸ್‌ನಂಥ ಎಂ.ಡಿ. ಕೋರ್ಸ್ 4 ವರ್ಷ, ಅಂದರೆ 48 ತಿಂಗಳು. ಅದಕ್ಕೆ ಮೊದಲು ಓದಿದ ಬಿ.ಎಸ್. ಲೆಕ್ಕಕ್ಕೆ ಬರಲಿಲ್ಲ.

ಜಾರ್ಜಿಯಾದಲ್ಲಿ ಕೋರ್ಸ್ 6 ವರ್ಷ. ತಿಂಗಳ ಲೆಕ್ಕಕ್ಕೇನೂ ಕೊರತೆ ಇಲ್ಲ. ಆದರೆ ಪದವಿ ಮುಗಿದ ತಕ್ಷಣ ಅಲ್ಲಿನವರೂ ಸ್ವತಂತ್ರವಾಗಿ ರೋಗಿ ನೋಡುವಂತಿಲ್ಲ, ರೆಸಿಡೆನ್ಸಿ, ಅಂದರೆ ಪದವಿಯ ನಂತರದ ಆಸ್ಪತ್ರೆ ತರಬೇತಿ ಮಾಡಿ ಸರ್ಕಾರದ ಪರೀಕ್ಷೆ ಪಾಸಾಗಬೇಕು. ಹಾಗಾದರೆ ನನ್ನ ಮಗಳ ಕೈಗೆ 6 ವರ್ಷದ ಕೊನೆಗೆ ಬರುವ ಕಾಗದ ಯಾವುದು? ಇಂಟರ್ನ್‌ಶಿಪ್ ಆ 6 ವರ್ಷದ ಒಳಗೋ, ಹೊರಗೋ? ಇಷ್ಟನ್ನು ವಿಶ್ವವಿದ್ಯಾಲಯದ ಲೆಟರ್‌ಹೆಡ್‌ನಲ್ಲಿ ಬರೆಸಿ ಕೊಡಿ ಅಂದೆ. 'ಎಲ್ಲಾ ಇನ್‌ಕ್ಲೂಡೆಡ್ ಸರ್, ವಾಟ್ಸ್ಆ್ಯಪ್ ಮಾಡ್ತೀನಿ' ಅಂದರು. ಮೂರು ವಾರದ ಮೇಲೆ ಬಂದದ್ದು ಹಾಸ್ಟೆಲ್ ಮೆಸ್ಸಿನ ಫೋಟೊ. ಅನ್ನ, ಸಾರು, ಹಪ್ಪಳ.

ಉಕ್ರೇನಿನಲ್ಲಿ ವೈದ್ಯಕೀಯ ಓದುತ್ತಿದ್ದ ನಮ್ಮ ತಾಲ್ಲೂಕಿನ ಚಳಗೇರಿಯ ಹುಡುಗ 2022ರ ಮಾರ್ಚ್ 1ರಂದು ಅಲ್ಲಿನ ಖಾರ್ಕಿವ್‌ನಲ್ಲಿ ಯುದ್ಧಕ್ಕೆ ಬಲಿಯಾದ. ಅಂದಿನಿಂದ ನನ್ನ ಹೆಂಡತಿಗೆ ವಿದೇಶ ಅಂದರೆ ಅದೇ ಭಯ. ನನ್ನದು ಬೇರೆ ಭಯ. ಅಕ್ಕನ ಮಗ ಹೊರಗೆ ಓದಿ ಬಂದವನು. ಹಾಗೆ ಓದಿ ಬಂದವರು ಇಲ್ಲಿ ವೈದ್ಯರಾಗಲು ಬರೆಯಬೇಕಾದ ಎಫ್‌ಎಂಜಿಇ ಪರೀಕ್ಷೆಯಲ್ಲಿ 300 ಪ್ರಶ್ನೆ, 150 ಸರಿ ಇದ್ದರೆ ಪಾಸು. ಎರಡು ಸಲ ಹೋಯಿತು, ಮೂರನೇ ಸಲ 154. ಆ ಎರಡು ವರ್ಷ ಮದುವೆ ಮನೆಗೂ ಬರುತ್ತಿರಲಿಲ್ಲ ಹುಡುಗ. 'ಡಾಕ್ಟ್ರೇ' ಅಂತ ಯಾರಾದರೂ ಕರೆದಾರು ಅಂತ. 2024ರ ಜೂನ್ ಸರದಿಯಲ್ಲಿ ಆ ಪರೀಕ್ಷೆ ಪಾಸಾದವರು ನೂರಕ್ಕೆ ಸುಮಾರು 21 ಮಂದಿ ಮಾತ್ರ. ಈ ಅಂಕಿ ಯಾವ ಬ್ರೋಶರಿನಲ್ಲೂ ಕಾಣಲಿಲ್ಲ.

ವಿದೇಶಕ್ಕೆ ಹೋಗಲೇಬೇಡಿ ಅನ್ನುವವನಲ್ಲ ನಾನು. ಓದಿ ಬಂದು ಚೆನ್ನಾಗಿ ರೋಗಿ ನೋಡುವವರ ಚೀಟಿ ನನ್ನ ಅಂಗಡಿಗೂ ಬರುತ್ತದೆ. ಕೇಳುವುದು ಇಷ್ಟೇ. 'ಎನ್‌ಎಂಸಿ ಅಂಗೀಕೃತ' ಎಂಬ ಜಾಹೀರಾತು ಬಂದಾಗ, ದುಡ್ಡು ತೆಗೆದುಕೊಳ್ಳುವ ಮೊದಲು, ಆ ಅಂಗೀಕಾರದ ಪತ್ರ ತೋರಿಸಿ ಅಂತ ನೀವೂ ಒಂದು ಮಾತು ಕೇಳಿ. ಅವಧಿ ಮೀರಿದ ಔಷಧಿ ಮಾರಿದರೆ ನನ್ನ ಲೈಸೆನ್ಸ್ ಹೋಗುತ್ತದೆ, ಅಲ್ವಾ?

ಮಗಳು ಇನ್ನೂ ತೀರ್ಮಾನ ಮಾಡಿಲ್ಲ. ವಿದೇಶಕ್ಕೆ ಈ ನೀಟ್ ಅಂಕ 3 ವರ್ಷ ನಡೆಯುತ್ತದೆ. ಲೆಟರ್‌ಹೆಡ್ ಬರಲಿ, ಕಾಯುತ್ತೇವೆ.

— ಮೆಡಿಕಲ್ ಶಾಪಿನ ಒಬ್ಬ ತಂದೆ, ರಾಣೆಬೆನ್ನೂರು