ಟ್ರಾನ್ಸಿಸ್ಟರ್ ಉಳಿಸಿಕೊಟ್ಟ ಯಜಮಾನರಿಗೆ

ನಿಮ್ಮ ಹೆಸರು ಕೇಳುವುದನ್ನೇ ಮರೆತೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಕಳೆದ ಶನಿವಾರ ಮೈಸೂರಿನ ದೇವರಾಜ ಮಾರ್ಕೆಟ್ ಹತ್ತಿರ ಅಪ್ಪನ ಹಳೇ ಟ್ರಾನ್ಸಿಸ್ಟರ್ ಹಿಡಿದು ಅಂಗಡಿ ಅಂಗಡಿ ಅಲೆಯುತ್ತಿದ್ದೆ. ಎಲ್ಲರೂ ಗುಜರಿಗೆ ಹಾಕಿ ಅಂದರು. ಟೀ ಕುಡಿಯುತ್ತಾ ನಿಂತಿದ್ದ ನೀವು ಮಾತ್ರ ಹಿಂದಿನ ಮುಚ್ಚಳ ತೆಗೆದು, 'ರೇಡಿಯೋ ಕೆಟ್ಟಿಲ್ಲ ಕಣಪ್ಪ, ಸೆಲ್ ಸೋರಿದೆ' ಅಂದಿರಿ. ಸೆಲ್ಲಿನ ಸತುವಿನ ತಗಡು ಬಳಸಿದಂತೆಲ್ಲ ಸವೆದು ತೂತಾಗುತ್ತದೆ, ಒಳಗಿನ ರಸ ಹೊರಗೆ ಬಂದು ಸ್ಪ್ರಿಂಗನ್ನೇ ತಿನ್ನುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಉಪ್ಪುಕಾಗದದಲ್ಲಿ ಹಸಿರು ಕಿಲುಬು ಉಜ್ಜಿ, ಒಂದೂವರೆ ವೋಲ್ಟಿನ 4 ದಪ್ಪ ಸೆಲ್ ಸಾಲಾಗಿ ಕೂರಿಸಿ, ಒಟ್ಟು 6 ವೋಲ್ಟ್ ಅಂತ ಲೆಕ್ಕ ಹೇಳುತ್ತಾ ನೀವು ಗುಂಡಿ ತಿರುಗಿಸಿದಾಗ ಮೊದಲು ಕರಕರ, ಅದರ ಹಿಂದೆಯೇ ಕನ್ನಡದ ದನಿ!

ಸೆಲ್ ವೀಕಾದರೆ ಅಪ್ಪ ಬಿಸಿಲಿಗೆ ಇಡುತ್ತಿದ್ದರು, ವಾರ್ತೆಯಷ್ಟು ಹೊತ್ತು ಓಡುತ್ತಿತ್ತು. ನಿಮ್ಮ ಮನೆಯಲ್ಲೂ ಹಾಗೇ ಅಂತೆ, ಅಲ್ವಾ? 1935ರಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ ಊರು ಬೇರೆ ಇದು.

ನಿಮ್ಮ ಟೀ ಆರಿಹೋಯಿತು, ದುಡ್ಡೂ ಬೇಡ ಅಂದಿರಿ. ತುಂಬಾ ಥ್ಯಾಂಕ್ಸ್ ಯಜಮಾನರೇ. ನೀವು ಹೇಳಿದ ಹಾಗೆ ಕೇಳುವಾಗ ಮಾತ್ರ ಸೆಲ್ ಹಾಕುತ್ತಿದ್ದೇನೆ.