ಮಾಣಿ ಬಿಟ್ಟುಹೋದ ಪುಸ್ತಕ

ಕೂಸೇ,

ನಿನ್ನೆಯಿಂದ ಮೂರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ತಲುಪಿದ ಸುದ್ದಿಯನ್ನು ಆಯಿಗೆ ಮಾತ್ರ ತಿಳಿಸಿದ್ದೀಯ. ಇರಲಿ. ವಾಟ್ಸಾಪಿನಲ್ಲಿ ನಾನು ಒತ್ತಕ್ಷರ ಹುಡುಕುವಷ್ಟರಲ್ಲಿ ಹೇಳಬೇಕಾದ ಮಾತೇ ತಣ್ಣಗಾಗಿರುತ್ತದೆ. ಅದಕ್ಕೇ ಕಾಗದ.

ಶನಿವಾರ ರಾತ್ರಿ ಜಗಲಿಯಲ್ಲಿ ಆದ ಮಾತನ್ನು ಮತ್ತೆ ಬರೆಯುವುದಿಲ್ಲ. ನಿನಗೂ ನೆನಪಿದೆ, ನನಗೂ ನೆನಪಿದೆ. ಬೆಳಿಗ್ಗೆ ಆರಕ್ಕೇ ನಿನ್ನ ಮಾಣಿಯನ್ನು ಎಬ್ಬಿಸಿ, ಆಯಿ ದೋಸೆ ಹಂಚಿಡುವುದರೊಳಗೆ ಹೊರಟುಬಿಟ್ಟೆ. ಒಂದು ಮಾತು ಹೇಳಬೇಕು, ಸಿಟ್ಟು ಮಾಡಬೇಡ. ಅಷ್ಟು ಕೋಪದಲ್ಲೂ ತೋಟದ ದಾರಿಯ ಆ ಇಕ್ಕಟ್ಟಿನಲ್ಲಿ ಒಂದು ಕಡೆ ಕಾದಿಗೆ, ಇನ್ನೊಂದು ಕಡೆ ದಣಪೆ, ಎರಡಕ್ಕೂ ತಾಗದ ಹಾಗೆ ಕಾರನ್ನು ಹಿಂದೆ ತಗೊಂಡೆಯಲ್ಲ, ಕಿಟಕಿಯಿಂದ ನೋಡುತ್ತಿದ್ದ ನನಗೆ ಹೆಮ್ಮೆಯೇ ಆಯಿತು. ನಮ್ಮ ಊರಲ್ಲಿ ಗಂಡಸರೂ ಅಲ್ಲಿ ಕನ್ನಡಿ ಒಡೆದುಕೊಂಡಿದ್ದಾರೆ.

ಮಾಣಿಯನ್ನು ಅಳಿಸಬೇಕೆಂದು ನಾನು ಕೂತಿರಲಿಲ್ಲ. ಬಂದ ಮರುದಿನವೇ ಅವನನ್ನು ಪಂಚಾಯ್ತಿ ಲೈಬ್ರರಿಗೆ ಕರೆದುಕೊಂಡು ಹೋಗಿದ್ದೆ. ಈಗ ಅದಕ್ಕೆ ಅರಿವು ಕೇಂದ್ರ ಎಂಬ ಬೋರ್ಡು ಬಂದಿದೆ. 2020ರಲ್ಲಿ 'ಓದುವ ಬೆಳಕು' ಯೋಜನೆ ಶುರುವಾದ ಮೇಲೆ ಮಕ್ಕಳಿಗೆ ಸದಸ್ಯತ್ವಕ್ಕೆ ದುಡ್ಡಿಲ್ಲ. ನಮ್ಮ ಕಾಲದಲ್ಲಿ ಬೀಗ ಹಾಕಿದ ಗಾಜಿನ ಬೀರುವಿನೊಳಗಿದ್ದ ಪುಸ್ತಕಗಳು ಈಗ ಮಕ್ಕಳ ಕೈಗೆಟುಕುವ ಕಪಾಟಿನಲ್ಲಿವೆ. ಮಾಣಿ ಅರ್ಧ ಗಂಟೆ ನೆಲದ ಮೇಲೆ ಕೂತು ಹಾವುಗಳ ಪುಸ್ತಕವೊಂದನ್ನು ಹಿಡಿದುಕೊಂಡು ಬಂದ. ನಾನು ಅದರ ಜೊತೆಗೆ ಭಾರತ-ಭಾರತಿ ಮಾಲೆಯ ಪುಟ್ಟ ಪುಸ್ತಕ, ವಿಶ್ವೇಶ್ವರಯ್ಯನವರ ಜೀವನದ್ದು, ಅದನ್ನೂ ಬರೆಸಿದೆ. ತಪ್ಪು ಅಲ್ಲಿಂದಲೇ ಶುರುವಾಯಿತು ಅನಿಸುತ್ತದೆ. ಮೊದಲು ಇದನ್ನು ಓದು, ಆಮೇಲೆ ಹಾವು ಎಂದೆ. ಎರಡು ಪುಟ ಓದಿ ಕೇಳಿದ, "ಅಜ್ಜ, ಇದ್ರಲ್ಲಿ ಹಾವು ಬರೂದೇ ಇಲ್ವಾ?"

ನಗಬೇಕಿತ್ತು. ನಗಲಿಲ್ಲ. ದಿನಕ್ಕೆ ಹತ್ತು ಪುಟ, ಆಮೇಲೆ ನಾಲ್ಕು ಪ್ರಶ್ನೆ, ಆಮೇಲೆ ಮೊಬೈಲು ಎಂದು ಕಾನೂನು ಮಾಡಿದೆ. ಮೂರನೆಯ ದಿನಕ್ಕೆ ಪೋರ ಪುಟ ಮಗುಚುವುದನ್ನು ಕಲಿತ, ಓದುವುದನ್ನಲ್ಲ. ಅದು ಗೊತ್ತಾಗಿ ಶನಿವಾರ ನಾನು ಪ್ರಶ್ನೆ ಕೇಳಿದೆ. ಮುಂದಿನದು ನಿನ್ನೆದುರೇ ನಡೆಯಿತು.

ನೀನು ಹೇಳಿದ ಆ ಒಂದು ವಾಕ್ಯ ಇದೆಯಲ್ಲ, "ನನಗೆ ಮಾಡಿದ್ದನ್ನೇ ಅವನಿಗೂ ಮಾಡ್ತಾ ಇದ್ದೀ ಅಪ್ಪ" ಎಂದು. ಅದನ್ನು ಕೇಳಿ ನಾನು ಎದ್ದು ಹೋಗಿದ್ದು ಸಿಟ್ಟಿಗಲ್ಲ. ಬಚ್ಚಲಿಗೆ ಹೋಗಿ ಸುಮ್ಮನೆ ನಿಂತಿದ್ದೆ. ಒಲೆ ಆರಿತ್ತು. ಈಗ ಹೇಗೂ ಸೋಲಾರ್ ಇದೆ, ಮಳೆಗಾಲದಲ್ಲಿ ಮಾತ್ರ ಒಲೆಗೆ ಬೆಂಕಿ.

1997ರ ಬೇಸಿಗೆ. ನಿನ್ನ ನಾಲ್ಕನೇ ಕ್ಲಾಸು ಮುಗಿದಿತ್ತು. ಮರುವರ್ಷ ನವೋದಯ ಪರೀಕ್ಷೆಗೆ ಕೂರಿಸಬೇಕೆಂಬ ಹುಚ್ಚು ನನಗೆ. ಮಾಸ್ತರ ಮಗಳು ಪಾಸಾಗದಿದ್ದರೆ ಊರು ಏನಂದೀತು ಎಂಬ ಹುಚ್ಚು ಅದಕ್ಕಿಂತ ದೊಡ್ಡದು. ಅಂಗಳದಲ್ಲಿ ಹಲಸಿನ ಹಪ್ಪಳ ಒಣಹಾಕಿದ್ದರು, ಕಾಗೆ ಓಡಿಸುವುದು ನಿನ್ನ ಕೆಲಸ. ತೊಡೆಯ ಮೇಲೆ ನವೋದಯದ ಗೈಡು, ಗೈಡಿನೊಳಗೆ ಮಕ್ಕಳ ಪತ್ರಿಕೆ ಬಾಲಮಂಗಳ. ಕಾಗೆ ಬಂದಿದ್ದು ಹೋಗಲಿ, ದನ ಬಂದು ಚಾಪೆಯ ಮೇಲೇ ನಡೆದು ಹೋದದ್ದೂ ನಿನಗೆ ಗೊತ್ತಾಗಲಿಲ್ಲ. ಡಿಂಗ ಎಂಬ ಇಲಿ ಯಾರನ್ನೋ ಬಚಾವು ಮಾಡುವುದರಲ್ಲಿತ್ತು.

ನಾನು ಮೆತ್ತಿ ಹತ್ತಿ ನಿನ್ನ ಟ್ರಂಕಿನಲ್ಲಿದ್ದದ್ದನ್ನೆಲ್ಲ ತಂದು ಬಚ್ಚಲ ಒಲೆಗೆ ಹಾಕಿದೆ. ಏಳೆಂಟು ಇದ್ದವು.

ಏಳೆಂಟು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಇಪ್ಪತ್ತಕ್ಕೆ ಕಮ್ಮಿ ಇರಲಿಲ್ಲ. ಕೆಲವು ಪಕ್ಕದ ಮನೆಯ ಹುಡುಗಿಯವು, ನೀನು ನಿನ್ನದನ್ನು ಕೊಟ್ಟು ಓದಲು ತಂದವು. ಅವಳಿಗೆ ನೀನು ಏನು ಹೇಳಿದೆಯೋ, ನಾನು ಕೇಳಲೇ ಇಲ್ಲ. ಹೊದಿಕೆಯ ಬಣ್ಣದ ಕಾಗದ ಮೊದಲು ಸುರುಟಿಕೊಂಡು, ಅಂಚಿನಲ್ಲಿ ಒಂದು ಥರ ಹಸಿರು ಉರಿ ಬರುತ್ತದೆ. ಒಳಗಿನ ಪುಟ ಅಡಿಕೆ ಸಿಪ್ಪೆಯ ಹಾಗೆ ಹೊಗೆಯಾಡುವುದಿಲ್ಲ, ಭಗ್ ಎನ್ನುತ್ತದೆ. ಇನ್ನೂ ಒಂದು ಇದೆ. ಕೊನೆಯದನ್ನು ಹಾಕುವ ಮೊದಲು ಒಲೆಯ ಬೆಳಕಲ್ಲೇ ಎರಡು ಪುಟ ಓದಿದೆ. ಚೆನ್ನಾಗಿತ್ತು. ಆದರೂ ಹಾಕಿದೆ.

ನೀನು ಅಳಲಿಲ್ಲ, ಬಾಗಿಲಲ್ಲಿ ನಿಂತಿದ್ದೆ. ಆಮೇಲೆ ಸ್ನಾನಕ್ಕೆ ಹೋದೆ. ಅದೇ ಒಲೆಯಲ್ಲಿ ಕಾದ ನೀರಲ್ಲಿ ನೀನು ಮಿಂದೆ ಎನ್ನುವುದು ನನಗೆ ಎಷ್ಟೋ ರಾತ್ರಿ ನೆನಪಾಗಿದೆ. ಮೊನ್ನೆ ನೀನು ಹೊರಟ ಮೇಲೆ ಆಯಿಯ ಹತ್ತಿರ ಇದನ್ನು ಹೇಳಿದರೆ ಅವಳು ತಿರುಗಿ ನೋಡಿದಳು. "ಬಿಸಿನೀರಲ್ಲಿ ಎಲ್ಲಿ ಮಿಂದಳು? ಅವತ್ತು ಹಂಡೆ ಮುಟ್ಟಲೇ ಇಲ್ಲ. ಬಾವಿಕಟ್ಟೆಯಲ್ಲಿ ನಾನೇ ತಣ್ಣೀರು ಸೇದಿ ಹೊಯ್ದೆ, ನಡುಗುತ್ತಿತ್ತು ಮಗು" ಅಂದಳು. ಇಪ್ಪತ್ತೆಂಟು ವರ್ಷ ಇದು ನನಗೆ ಗೊತ್ತಿರಲಿಲ್ಲ.

ನವೋದಯ ಆಗಲಿಲ್ಲ, ಅದು ಬಿಡು. ಅವತ್ತಿನಿಂದ ನೀನು ಪಾಠದ ಪುಸ್ತಕ ಬಿಟ್ಟು ಬೇರೇನೂ ಓದಿದ್ದನ್ನು ನಾನು ನೋಡಲಿಲ್ಲ. ಅಂಕ ಬಂತು, ಸೀಟು ಬಂತು, ಕೆಲಸ ಬಂತು. ನಾನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ.

ನಾಚಿಕೆಯ ವಿಷಯ ಅಂದರೆ ಆಮೇಲೆ ನಲಿಕಲಿ ಬಂತು ನೋಡು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು ನಮ್ಮ ಕಡೆಗೆ ಬರುವಷ್ಟರಲ್ಲಿ ವರ್ಷಗಳೇ ಆದವು. ಗೋಡೆಯ ಮೇಲೆ ಕಲಿಕಾ ಏಣಿ, ಕೈಯಲ್ಲಿ ಕಾರ್ಡು, ಒಂದೊಂದು ಮಗು ತನ್ನ ಮೆಟ್ಟಿಲಿನಲ್ಲಿ ತನ್ನ ಪಾಡಿಗೆ ಏರುವುದು. ಅದರ ತರಬೇತಿ ಪಡೆದು ನಾನೇ ಬೇರೆ ಮಾಸ್ತರುಗಳಿಗೆ ಹೇಳಿಕೊಟ್ಟೆ. "ಮಗುವನ್ನು ಅವಸರ ಮಾಡಬೇಡಿ" ಎಂದು ಭಾಷಣ ಮಾಡಿದವನೂ ನಾನೇ. ಅಮೆರಿಕದ ಫ್ಲಾರಿಡಾದಲ್ಲಿ ಬಡಮಕ್ಕಳಿಗೆ ಮೂರು ಬೇಸಿಗೆ, ಪ್ರತಿ ಬೇಸಿಗೆಗೆ 12 ಪುಸ್ತಕ ಮನೆಗೆ ಕೊಟ್ಟು ನೋಡಿದ ಒಂದು ಅಧ್ಯಯನ 2010ರಲ್ಲಿ ಬಂದಿತ್ತು. ಓದು ಸುಧಾರಿಸಿತು. ಪುಸ್ತಕ ಆರಿಸಿದವರು ಮಕ್ಕಳೇ, ಪ್ರಶ್ನೆಪತ್ರಿಕೆ ಹಿಡಿದ ಅಜ್ಜ ಯಾರೂ ಅಲ್ಲಿರಲಿಲ್ಲ. ಇದನ್ನೂ ನಾನು ತರಬೇತಿಯಲ್ಲಿ ಹೇಳಿದ್ದೇನೆ, ಬೋರ್ಡಿನ ಮೇಲೆ 12 ಎಂದು ಬರೆದು ಸುತ್ತು ಹಾಕಿ.

ಹಾಗಂತ ಮೊಬೈಲು ಕೊಟ್ಟು ಸುಮ್ಮನಿರು ಎಂದು ನಾನು ಹೇಳಲಾರೆ. ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ಮಾಣಿ ಇಂಗ್ಲಿಷು ಸರಾಗ ಓದುತ್ತಾನೆ, ಕನ್ನಡದಲ್ಲಿ ಹೆಬ್ಬಾವು ಎಂದು ಬರೆದಿದ್ದರೆ ಹೆಬಾವು ಎನ್ನುತ್ತಾನೆ. ಒತ್ತಕ್ಷರ ಕಂಡರೆ ನಿಲ್ಲುತ್ತಾನೆ. ಮೂರನೇ ಕ್ಲಾಸು ಮುಗಿದಿದೆ. ಈ ಎರಡು ತಿಂಗಳಲ್ಲಿ ಕೈಬಿಟ್ಟರೆ ಜೂನಿನಲ್ಲಿ ಮತ್ತೆ ಅ ಆ ಇ ಈ. ಶಾಲೆಯಲ್ಲಿ ಮೂವತ್ತು ಜೂನ್ ನೋಡಿದ್ದೇನೆ, ನನಗೆ ಗೊತ್ತು. ರಾತ್ರಿ ಮಲಗುವಾಗ ಕಾಲು ಗಂಟೆ ನೀನು ಓದಿ ಹೇಳು. ಅವನು ದೊಡ್ಡವನಾದ ಎನ್ನಬೇಡ, ಎಂಟು ವರ್ಷದ ಮಗು ಕೇಳಿಸಿಕೊಂಡು ಅರ್ಥ ಮಾಡಿಕೊಳ್ಳುವಷ್ಟನ್ನು ಓದಿ ಅರ್ಥ ಮಾಡಿಕೊಳ್ಳುವುದಿಲ್ಲ. ಒಂದೇ ಪುಸ್ತಕ ಹತ್ತು ಸಲ ಕೇಳಿದರೆ ಹತ್ತು ಸಲವೂ ಓದು. ಸಮಯ ಇಲ್ಲ ಎಂದರೆ ನಿಮ್ಮ ಬೆಂಗಳೂರಿನದೇ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟ್ ಇದೆ, ಕನ್ನಡದ ಕಥೆಗಳು ಬಿಟ್ಟಿ, ಒಂದರಿಂದ ನಾಲ್ಕರವರೆಗೆ ಹಂತ ಹಾಕಿದ್ದಾರೆ. ಕನ್ನಡದಲ್ಲಿ ಎರಡನೆಯ ಹಂತದಿಂದ ಶುರುಮಾಡು, ಅವನ ಕ್ಲಾಸು ನೋಡಿ ಮೂರಕ್ಕೆ ಹಾರಬೇಡ. ಮತ್ತೆ ನೀನೂ ಅವನ ಕಣ್ಣಿಗೆ ಬೀಳುವ ಹಾಗೆ ಏನಾದರೂ ಓದು. ಲ್ಯಾಪ್‌ಟಾಪ್ ಲೆಕ್ಕಕ್ಕಿಲ್ಲ. ಕಥೆಯ ನೀತಿ ಏನು ಎಂದು ಮಾತ್ರ...

ನೋಡು, ಎಲ್ಲಿಂದ ಎಲ್ಲಿಗೆ ಬಂದೆ. ಕ್ಷಮೆ ಕೇಳಲು ಕೂತವನು ಪಾಠ ಟಿಪ್ಪಣಿ ಬರೆದಿದ್ದೇನೆ. ಹರಿದು ಬೇರೆ ಬರೆಯೋಣ ಎಂದರೆ ಮತ್ತೆ ಇದನ್ನೇ ಬರೆಯುತ್ತೇನೆ ಎಂದು ಗೊತ್ತಿದೆ, ಹಾಗೇ ಕಳಿಸುತ್ತೇನೆ. ಇದರಲ್ಲಿ ಬೇಡವಾದದ್ದನ್ನು ನೀನೇ ಕಾಟು ಹಾಕಿಕೋ.

ಕ್ಷಮಿಸು ಎಂದು ಮಕ್ಕಳ ಹತ್ತಿರ ಹೇಳಿ ನಮಗೆ ಅಭ್ಯಾಸವಿಲ್ಲ. ಬಾಲಮಂಗಳ ಈಗ ಬರುತ್ತಿಲ್ಲ. ಶಿರಸಿಯ ರದ್ದಿ ಅಂಗಡಿಯಲ್ಲಿ ಹಳೆಯದು ಸಿಗಬಹುದೇ ಎಂದು ನಿನ್ನೆ ಕೇಳಿ ಬಂದೆ. ಅವನಿಗೆ ನಗು.

ಮಾಣಿಯ ಟವೆಲು, ಒಂದು ಚಪ್ಪಲಿ (ಒಂದೇ, ಇನ್ನೊಂದು ದನದ ಕೊಟ್ಟಿಗೆಯಲ್ಲಿ ಸಿಕ್ಕರೆ ಕಳಿಸುತ್ತೇನೆ), ಆಯಿ ಮಾಡಿದ ಹಪ್ಪಳ, ಎಲ್ಲ ಶುಕ್ರವಾರ ರಾತ್ರಿಯ ಬಸ್ಸಿಗೆ ಹಾಕುತ್ತೇನೆ. ಹಾಸಿಗೆ ಮಡಚುವಾಗ ಆಯಿಗೆ ಅವನ ದಿಂಬಿನ ಕೆಳಗೆ ಆ ಹಾವಿನ ಪುಸ್ತಕ ಸಿಕ್ಕಿತು. ವಿಶ್ವೇಶ್ವರಯ್ಯನವರ ಪುಸ್ತಕ ಇಟ್ಟಲ್ಲೇ ಇತ್ತು. ಹಾವಿನ ಪುಸ್ತಕದ 23ನೇ ಪುಟದಲ್ಲಿ ತೆಂಗಿನ ಗರಿಯ ಚೂರು ಗುರುತಿಗೆ ಇಟ್ಟಿದ್ದಾನೆ. ನಾನು ತೆಗೆದಿಲ್ಲ. ಲೈಬ್ರರಿಗೆ ಸೋಮವಾರ ವಾಪಸ್ ಕೊಡಬೇಕು. ಕೊಟ್ಟುಬಿಡಲೋ, ನನ್ನ ಹೆಸರಲ್ಲಿ ಮತ್ತೆ ಹದಿನೈದು ದಿನಕ್ಕೆ ಬರೆಸಿ ಪಾರ್ಸೆಲ್ಲಿಗೆ ಸೇರಿಸಲೋ, ಅವನನ್ನು ಕೇಳಿ ಆಯಿಗಾದರೂ ಹೇಳು. ಗುರುವಾರದೊಳಗೆ.

ನಿನ್ನ
ಅಪ್ಪ